ಹಗುರ ಗರಗಸ: ತೂಕ ಆಮೇಲೆ, ಮೊದಲು ಅಲಗು

ಪ್ರಶ್ನೆ: ರಸ್ತೆಯಿಲ್ಲದ ಕಾಡಿನಲ್ಲಿ ನಾಲ್ಕೈದು ದಿನದ ಬೇಟೆಗೆ ಹೊರಟಿದ್ದೇವೆ. ಬೆನ್ನಿಗೆ ಹೊರೆಯಾಗದ ಗರಗಸ ಬೇಕು. ಸೌದೆಗೂ ಆಗಬೇಕು, ಮೂಳೆಗೂ ಆಗಬೇಕು. ಯಾವುದು ಕೊಳ್ಳಲಿ?

ಉತ್ತರ: ಮಡಚುವ ಗರಗಸ. ಆದರೆ ತೂಕ ಕೇಳುವ ಮೊದಲು ಅಲಗಿನ ಉದ್ದ ನೋಡಿ. ಕೊಂಬೆಯ ದಪ್ಪಕ್ಕೆ ಎರಡರಷ್ಟು ಉದ್ದದ ಅಲಗಿರಬೇಕು. ಪ್ರತಿ ಎಳೆತಕ್ಕೂ ಹಲ್ಲು ಮರದಿಂದ ಹೊರಗೆ ಬಂದು ಹೊಟ್ಟು ಉದುರಿಸಬೇಕಲ್ಲ. ಅಲಗು ಗಿಡ್ಡವಾದರೆ ಹೊಟ್ಟು ಸೀಳಿನಲ್ಲೇ ತುಂಬಿಕೊಳ್ಳುತ್ತದೆ, ಆಮೇಲೆ ಎಷ್ಟು ಎಳೆದರೂ ಗರಗಸ ಸುಮ್ಮನೆ ಜಾರುತ್ತದೆ. ಜಪಾನಿನ ಸಿಲ್ಕಿ ಕಂಪನಿಯ ಪಾಕೆಟ್‌ಬಾಯ್‌ನ 170 ಮಿ.ಮೀ. ಅಲಗು 8 ಸೆಂ.ಮೀ. ಕೊಂಬೆಯವರೆಗೆ ಸಲೀಸು, ಅದೇ ಕಂಪನಿಯ 240 ಮಿ.ಮೀ. ಗಾಮ್‌ಬಾಯ್ 12 ಸೆಂ.ಮೀ.ವರೆಗೆ. ಬಾಕೋ ಲ್ಯಾಪ್‌ಲ್ಯಾಂಡರ್ ಇವೆರಡರ ನಡುವಿನದು: 190 ಮಿ.ಮೀ. ಅಲಗು, ಇಂಚಿಗೆ 7 ಹಲ್ಲು. ಒಂದನ್ನೇ ಒಯ್ಯುವುದಾದರೆ 240 ಮಿ.ಮೀ.ನದೇ ಇರಲಿ. ಗಿಡ್ಡ ಅಲಗಿನಿಂದ ಉಳಿಸಿದ ತೂಕ ಒದ್ದೆ ಸೌದೆಯ ಮುಂದೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ತಂತಿ ಗರಗಸದ ಆಸೆ ಬೇಡ. ಚೂಪಾಗಿ ಬಾಗಿದ ಕಡೆ ತುಂಡಾಗುತ್ತದೆ.

ಪ್ರಶ್ನೆ: ಹೊಸ ಗರಗಸದ ಅಲಗು ಎರಡೇ ದಿನದಲ್ಲಿ ಸೊಟ್ಟಗಾಯಿತು. ಕಳಪೆ ಮಾಲೇ?

ಉತ್ತರ: ಮಾಲಿಗಿಂತ ಕೈಯ ಮೇಲೆ ಅನುಮಾನ. ಜಪಾನಿ ಮಾದರಿಯ ಗರಗಸ ಎಳೆಯುವಾಗ ಮಾತ್ರ ಕೊಯ್ಯುತ್ತದೆ, ಅದಕ್ಕೇ ಅದರ ಅಲಗು ಅಷ್ಟು ತೆಳು. ಬಡಗಿಯ ಕೈಗರಗಸದಂತೆ ತಳ್ಳಿದರೆ ನಡುವಿನಲ್ಲಿ ಮಡಿಯುತ್ತದೆ. ಎಳೆಯುವಾಗ ಹದವಾಗಿ ಒತ್ತಿ, ಮತ್ತೆ ಮುಂದಕ್ಕೆ ಬಿಡುವಾಗ ಭಾರ ಹಾಕಬೇಡಿ.

ಇನ್ನೊಂದು ಕಾರಣ, ಅಲಗು ಮರದಲ್ಲಿ ಕಚ್ಚಿಕೊಳ್ಳುವುದು. ಎರಡು ತುದಿಯೂ ನೆಲಕ್ಕೆ ಆತು ನಡುವೆ ತೂಗುವ ದಿಮ್ಮಿಯನ್ನು ಮೇಲಿನಿಂದಲೇ ಕೊಯ್ದರೆ ಸೀಳು ಮುಚ್ಚಿಕೊಂಡು ಅಲಗನ್ನು ಹಿಡಿದುಬಿಡುತ್ತದೆ. ಮೇಲಿನಿಂದ ಕಾಲು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮುಗಿಸಿ. ಒಂದೇ ತುದಿ ಆತು ಇನ್ನೊಂದು ಗಾಳಿಯಲ್ಲಿದ್ದರೆ ಉಲ್ಟಾ: ಮೊದಲು ಕೆಳಗೆ ಸ್ವಲ್ಪ, ಆಮೇಲೆ ಮೇಲಿನಿಂದ. ಸಿಕ್ಕಿಕೊಂಡ ಅಲಗನ್ನು ತಿರುಚಬೇಡಿ. ದಿಮ್ಮಿಯನ್ನು ಎತ್ತಿ ಸೀಳು ಬಿಡಿಸಿ.

ಪ್ರಶ್ನೆ: ಮೂಳೆಗೆ ಬೇರೆ ಗರಗಸ ಬೇಕೇ?

ಉತ್ತರ: ಬಹುಪಾಲು ಮೂಳೆಗೆ ಗರಗಸವೇ ಬೇಡ. ತೊಡೆ, ಮುಂಗಾಲುಗಳನ್ನು ಕೀಲಿನಲ್ಲಿ ಚಾಕುವಿನಿಂದಲೇ ಬಿಡಿಸಬಹುದು. ಮುಂಗಾಲು ಮೈಗೆ ಸೇರುವ ಕಡೆಯಂತೂ ಮೂಳೆಯ ಕೀಲೇ ಇಲ್ಲ, ಬರೀ ಮಾಂಸಖಂಡ. ಕೊಂಬುಗಳನ್ನು ತಲೆಬುರುಡೆಯ ಮೇಲ್ಭಾಗದ ಸಮೇತ ತೆಗೆಯುವಾಗ ಗರಗಸ ಬೇಕಾಗುತ್ತದೆ. ಅದಕ್ಕೆ ಸಣ್ಣ ಹಲ್ಲು ಒಳ್ಳೆಯದು. ದೊಡ್ಡ ಹಲ್ಲು ಮೂಳೆಯ ಅಂಚಿಗೆ ತಗುಲಿ ಎಗರುತ್ತದೆ, ಒಮ್ಮೊಮ್ಮೆ ತುದಿಯೇ ಮುರಿಯುತ್ತದೆ.

ಉತ್ತರ ಅಮೆರಿಕದಲ್ಲಿ ಜಿಂಕೆ, ಎಲ್ಕ್‌ಗಳ ಮಿದುಳಿಗೆ ತಗಲುವ ಕ್ರಾನಿಕ್ ವೇಸ್ಟಿಂಗ್ ರೋಗವಿರುವ ಕಡೆ ಬೆನ್ನುಹುರಿ, ಮಿದುಳಿನ ಮೂಲಕ ಗರಗಸ ಹಾಯಿಸಬೇಡಿ ಎಂದು ವನ್ಯಜೀವಿ ಇಲಾಖೆಗಳೇ ಎಚ್ಚರಿಸುತ್ತವೆ. ರೋಗಕ್ಕೆ ಕಾರಣವಾದ ಪ್ರಿಯಾನ್ ಎಂಬ ವಿಕೃತ ಪ್ರೋಟೀನ್ ಸಾಮಾನ್ಯ ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ. ಅಲ್ಲಿ ಮಾಂಸವನ್ನು ಮೂಳೆಯಿಂದ ಬಿಡಿಸಿ ತರುವುದೇ ಸರಿ.

ಪ್ರಶ್ನೆ: ಹಲ್ಲು ಮೊಂಡಾದರೆ ಅರ ಹಾಕಬಹುದೇ?

ಉತ್ತರ: ಹಲ್ಲಿನ ತುದಿ ನೀಲಿ-ಕಪ್ಪಾಗಿದ್ದರೆ ಅದನ್ನು ಕಾಯಿಸಿ ಗಟ್ಟಿ ಮಾಡಿರುತ್ತಾರೆ, ಅರವೇ ಜಾರುತ್ತದೆ. ಅಲಗನ್ನೇ ಬದಲಿಸಬೇಕು, ಹಾಗಾಗಿ ಬಿಡಿ ಅಲಗು ಸಿಗುವ ಮಾದರಿಯನ್ನೇ ಕೊಳ್ಳಿ. ಎಷ್ಟೋ ಸಲ ಮೊಂಡಾಗಿರುವುದು ಹಲ್ಲಲ್ಲ, ಅದರ ಮೇಲೆ ಕೂತ ಮರದ ಅಂಟು. ಸ್ಪಿರಿಟ್ ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಕೊಬ್ಬು ಹತ್ತಿದ್ದರೆ ಬಿಸಿನೀರು, ಸೋಪು. ಒರೆಸಿ ಒಣಗಿಸಿ ಎಣ್ಣೆ ಸವರಿಯೇ ಮಡಚಿಡಿ.