ಮೈಗ್ರೇಷನ್ ಫೋಲ್ಡರ್ ಅಳಿಸಿದ್ದೀರಲ್ಲ, ಮೊದಲು ಅದನ್ನು ಗಿಟ್‌ನಿಂದ ವಾಪಸ್ ತನ್ನಿ

ನಿಮ್ಮ ಪ್ರಶ್ನೆ ಓದಿದೆ: ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಪ್ರಾಜೆಕ್ಟ್, ಸರ್ವರ್‌ನಲ್ಲಿ ಮೈಎಸ್‌ಕ್ಯುಎಲ್ ಡೇಟಾಬೇಸ್, ಮೈಗ್ರೇಷನ್ (ಟೇಬಲ್ ಬದಲಾವಣೆಯನ್ನು ಬರೆದಿಡುವ ಫೈಲ್) ಓಡಿಸುವಾಗ ಎರರ್. ಮೊದಲು 1060 ಬಂತು, ಸ್ಟೇಟಸ್ ಕಾಲಂ ಆಗಲೇ ಇದೆ ಅಂತ. ನೀವು ಮೈಗ್ರೇಷನ್ಸ್ ಫೋಲ್ಡರ್ ಅಳಿಸಿ, ಹೊಸದಾಗಿ ಮೇಕ್‌ಮೈಗ್ರೇಷನ್ಸ್ (ಆ ಫೈಲ್‌ಗಳನ್ನು ಬರೆಯುವ ಕಮಾಂಡ್) ಓಡಿಸಿ, ಫೇಕ್ ಹೊಡೆದಿರಿ, ಅಂದರೆ ಓಡಿಸದೆಯೇ ಓಡಿದೆ ಅಂತ ಗುರುತು ಹಾಕಿಸಲು ಹೋದಿರಿ. ಈಗ 1054, ಟೋಕನ್ ಕಾಲಂ ಇಲ್ಲ ಅಂತ. ನಾನೂ ಹಿಂದೆ ಇದೇ ದಾರಿ ಹಿಡಿದವನು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಸರ್ವರ್ ಮೇಲೆ ಇನ್ನೊಂದು ಕಮಾಂಡ್ ಓಡಿಸುವ ಮೊದಲು ಮೈಎಸ್‌ಕ್ಯುಎಲ್‌ಡಂಪ್‌ನಿಂದ ಡೇಟಾಬೇಸ್‌ನ ಪ್ರತಿ ತೆಗೆದಿಡಿ.

ಮೇಕ್‌ಮೈಗ್ರೇಷನ್ಸ್ ನಿಮ್ಮ ಮಾಡೆಲ್‌ಗಳನ್ನು (ಟೇಬಲ್ ಹೇಗಿರಬೇಕು ಅಂತ ಹೇಳುವ ಪೈಥಾನ್ ಕ್ಲಾಸ್‌ಗಳು) ಮೈಗ್ರೇಷನ್ ಫೈಲ್‌ಗಳ ಜೊತೆ ಹೋಲಿಸುತ್ತದೆ. ಅವನ್ನು ಓಡಿಸುವ ಮೈಗ್ರೇಟ್ ಕಮಾಂಡ್ ಆ ಫೈಲ್‌ಗಳ ಹೆಸರನ್ನು, ಓಡಿದ ಫೈಲ್‌ಗಳ ಪಟ್ಟಿ ಇರುವ ಜಾಂಗೋ_ಮೈಗ್ರೇಷನ್ಸ್ ಟೇಬಲ್ ಜೊತೆ ತಾಳೆ ನೋಡುತ್ತದೆ. ಟೇಬಲ್‌ನಲ್ಲಿ ನಿಜವಾಗಿ ಯಾವ ಕಾಲಂ ಇದೆ ಅಂತ ಎರಡೂ ನೋಡುವುದಿಲ್ಲ. ಹೊಸ ಫೈಲ್‌ನ ಹೆಸರೂ 0001_ಇನಿಷಿಯಲ್. ಆ ಹೆಸರು ಮೊದಲಿನಿಂದಲೇ ದಾಖಲಾಗಿದೆ. ಹಾಗಾಗಿ ನಿಮ್ಮ ಫೇಕ್ ಏನೂ ಮಾಡಿಲ್ಲ. ಜಾಂಗೋ_ಮೈಗ್ರೇಷನ್ಸ್‌ನಿಂದ ಯಾವ ಸಾಲನ್ನೂ ಅಳಿಸಿಲ್ಲ ಅಂದಿದ್ದೀರಿ, ಅದು ದೊಡ್ಡ ಪುಣ್ಯ. ಹೊಸ 0001 ತೆಗೆದು ಹಳೆಯ ಫೋಲ್ಡರ್ ಗಿಟ್‌ನಿಂದ (ಕೋಡ್‌ನ ಹಳೆಯ ಪ್ರತಿಗಳನ್ನು ಇಡುವ ಸಾಧನ) ತಂದು, ಯಾವ ಫೈಲ್ ಓಡಿದೆ ಅಂತ ತೋರಿಸುವ ಶೋಮೈಗ್ರೇಷನ್ಸ್ ಓಡಿಸಿ. 0001ರಿಂದ 0007ರವರೆಗೆ ಎಕ್ಸ್ ಗುರುತು, 0008ರ ಮುಂದೆ ಖಾಲಿ ಚೌಕ ಕಾಣಬೇಕು.

ಅಸಲಿ ತೊಂದರೆ ಆ 0008. ಅದರಲ್ಲಿ ಮೂರು ಕೆಲಸ ತುಂಬಿದ್ದೀರಿ: ಸ್ಟೇಟಸ್ ಸೇರಿಸು, ಯೂನಿಕ್ (ಎರಡು ಸಾಲಿಗೆ ಒಂದೇ ವ್ಯಾಲ್ಯೂ ಇರಬಾರದ) ಟೋಕನ್ ಸೇರಿಸು, ನೋಟ್ ಸೇರಿಸು. ಮೊದಲನೆಯದು ಆಯಿತು. ಎರಡನೆಯದು ಎರರ್ ಬಂದು ಬಿತ್ತು. ಡೀಫಾಲ್ಟ್‌ಗೆ ಯುಯುಐಡಿ ಫಂಕ್ಷನ್ (ಕರೆದಾಗಲೆಲ್ಲ ಹೊಸ ಗುರುತು ಕೊಡುವಂಥದ್ದು) ಕೊಟ್ಟರೆ ಪ್ರತಿ ಸಾಲಿಗೂ ಬೇರೆ ಬೇರೆ ವ್ಯಾಲ್ಯೂ ಬರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಕಾಲಂ ಸೇರಿಸುವಾಗ ಜಾಂಗೋ ಆ ಫಂಕ್ಷನ್ ಅನ್ನು ಒಂದೇ ಸಲ ಕರೆಯುತ್ತದೆ, ಇರುವ ಎಲ್ಲಾ ಸಾಲುಗಳಿಗೂ ಅದೇ ವ್ಯಾಲ್ಯೂ ಬೀಳುತ್ತದೆ. ಎರಡು ಸಾಲಿದ್ದರೂ ಸಾಕು, 1062, ಅಂದರೆ ಒಂದೇ ವ್ಯಾಲ್ಯೂ ಎರಡು ಸಲ ಬಂತು ಅನ್ನುವ ಎರರ್. ಲಾಗ್‌ನಲ್ಲಿ ಸ್ವಲ್ಪ ಮೇಲೆ ಹೋಗಿ ನೋಡಿ, 1060ಕ್ಕೆ ಮೊದಲು ಅದು ಸಿಕ್ಕೇ ಸಿಗುತ್ತದೆ. ಮೊದಲ ಎರರ್ ಓದದೆ ಮತ್ತೆ ಮೈಗ್ರೇಟ್ ಓಡಿಸುವ ಅಭ್ಯಾಸ ದಯವಿಟ್ಟು ಬಿಡಿ. ಮೈಎಸ್‌ಕ್ಯುಎಲ್‌ನಲ್ಲಿ ಆಲ್ಟರ್ ಟೇಬಲ್ (ಕಾಲಂ ಸೇರಿಸುವ, ಬದಲಿಸುವ ಆದೇಶ) ಆದರೆ ಆಯಿತು, ರೋಲ್‌ಬ್ಯಾಕ್ ಇಲ್ಲ, ಹಿಂದೆ ಸರಿಯುವುದಿಲ್ಲ. ಅರ್ಧ ಓಡಿದ ಫೈಲ್ ಅರ್ಧವೇ ಉಳಿಯುತ್ತದೆ.

ಅದಕ್ಕೇ ಮೈಎಸ್‌ಕ್ಯುಎಲ್ ಇದ್ದಲ್ಲಿ ಒಂದು ಫೈಲ್‌ಗೆ ಒಂದೇ ಕೆಲಸ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ನಿಮ್ಮ 0008 ಒಡೆದರೆ ಐದು ಫೈಲ್ ಆಗುತ್ತದೆ: ಸ್ಟೇಟಸ್; ಯೂನಿಕ್ ಮತ್ತು ಡೀಫಾಲ್ಟ್ ಎರಡೂ ಇಲ್ಲದೆ, ನಲ್ (ಖಾಲಿ) ಇರಬಹುದಾದ ಟೋಕನ್; ನಲ್ ಇರುವ ಸಾಲುಗಳಿಗೆ ಮಾತ್ರ ಯುಯುಐಡಿ ತುಂಬುವ ರನ್‌ಪೈಥಾನ್ (ಮೈಗ್ರೇಷನ್ ಒಳಗೆ ಪೈಥಾನ್ ಕೋಡ್ ಓಡಿಸುವ ಹೆಜ್ಜೆ); ಟೋಕನ್‌ಗೆ ನಲ್ ತೆಗೆದು ಯೂನಿಕ್ ಹಾಕುವ ಆಲ್ಟರ್‌ಫೀಲ್ಡ್; ಕೊನೆಗೆ ನೋಟ್. ರನ್‌ಪೈಥಾನ್‌ನಲ್ಲಿ ಮಾಡೆಲ್ ಅನ್ನು ನೇರ ಇಂಪೋರ್ಟ್ ಮಾಡಬೇಡಿ, ಆ್ಯಪ್ಸ್‌ನ ಗೆಟ್_ಮಾಡೆಲ್‌ನಿಂದಲೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಮುಂದೆ ಮಾಡೆಲ್ ಬದಲಾದಾಗ ಹಳೆಯ ಮೈಗ್ರೇಷನ್ ಮುರಿಯುತ್ತದೆ. ಹಿಂದೆ ಬರುವುದಕ್ಕೆ ನೂಪ್ (ಏನೂ ಮಾಡದ ಫಂಕ್ಷನ್) ಆದರೂ ಕೊಟ್ಟಿರಿ. ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ 0008 ಓಡಿದೆ ಅಲ್ವಾ? ಆ ಫೈಲ್ ಇನ್ನೂ ಇರುವಾಗಲೇ 0007ಕ್ಕೆ ಹಿಂದೆ ಹೋಗಿ, ಆಮೇಲೆ ಒಡೆಯಿರಿ.

ಸರ್ವರ್‌ನಲ್ಲಿ ಸ್ಟೇಟಸ್ ಆಗಲೇ ಇದೆ. ಹೊಸ 0008ಕ್ಕೆ ಎಸ್‌ಕ್ಯುಎಲ್‌ಮೈಗ್ರೇಟ್ (ಓಡಿಸದೆ ಎಸ್‌ಕ್ಯುಎಲ್ ಮಾತ್ರ ತೋರಿಸುವ ಕಮಾಂಡ್) ಕೊಟ್ಟು ಬರುವ ಸಾಲನ್ನು, ಟೇಬಲ್ ಈಗ ಹೇಗಿದೆ ಅಂತ ತೋರಿಸುವ ಶೋ ಕ್ರಿಯೇಟ್ ಟೇಬಲ್ ಪಕ್ಕ ಇಟ್ಟು ಓದಿ. ಟೈಪ್, ಉದ್ದ, ನಲ್, ಮೂರೂ ಹೊಂದಬೇಕು. ಹೊಂದಿದರೆ ಮಾತ್ರ ಫೇಕ್, ಅದೂ ಆ್ಯಪ್ ಹೆಸರು ಮತ್ತು 0008 ಅಂತ ನಂಬರ್ ಕೊಟ್ಟೇ. ನಂಬರ್ ಬಿಟ್ಟರೆ ಬಾಕಿ ಇರುವ ಎಲ್ಲಾ ಫೈಲ್‌ಗಳಿಗೂ ಸುಮ್ನೆ ಎಕ್ಸ್ ಬೀಳುತ್ತದೆ, ಕಾಲಂ ಒಂದೂ ಬಂದಿರುವುದಿಲ್ಲ. ಅಂಥ ತಪ್ಪು ಅವತ್ತೇ ಗೊತ್ತಾಗಬೇಕು ಅಂತಿಲ್ಲ. ಇಲ್ಲದ ಕಾಲಂ ಅನ್ನು ಇನ್ಯಾವುದೋ ಮೈಗ್ರೇಷನ್ ಬದಲಿಸಲು ಹೋದಾಗ ಹೊರಬರುತ್ತದೆ, ಅಷ್ಟರಲ್ಲಿ ಯಾರು ಏನು ಮಾಡಿದರು ಅಂತ ಯಾರಿಗೂ ನೆನಪಿರುವುದಿಲ್ಲ. ಫೇಕ್-ಇನಿಷಿಯಲ್ (ಟೇಬಲ್ ಆಗಲೇ ಇದ್ದರೆ ಮೊದಲ ಮೈಗ್ರೇಷನ್‌ಗೆ ತಾನೇ ಫೇಕ್ ಹೊಡೆಯುವ ಆಯ್ಕೆ) ಮೇಲೂ ಜಾಸ್ತಿ ನಂಬಿಕೆ ಬೇಡ, ಅದು ಹೆಸರುಗಳನ್ನಷ್ಟೇ ನೋಡುತ್ತದೆ, ಟೈಪ್ ನೋಡುವುದಿಲ್ಲ. ಉಳಿದ ನಾಲ್ಕನ್ನು ಮಾಮೂಲಿನಂತೆ ಓಡಿಸಿ.

ಲ್ಯಾಪ್‌ಟಾಪ್‌ನಲ್ಲಿ ಎಸ್‌ಕ್ಯುಲೈಟ್ ಡೇಟಾಬೇಸ್, ಸರ್ವರ್‌ನಲ್ಲಿ ಮೈಎಸ್‌ಕ್ಯುಎಲ್, ಇದನ್ನು ಇವತ್ತೇ ನಿಲ್ಲಿಸಿ. ಅದಕ್ಕಿಂತ ಕೆಟ್ಟದ್ದು ಖಾಲಿ ಟೇಬಲ್ ಮೇಲೆ ಪರೀಕ್ಷೆ ಮಾಡಿದ್ದು. ಸಾಲೇ ಇಲ್ಲದಿದ್ದರೆ ಯೂನಿಕ್ ಯಾಕೆ ಬೀಳುತ್ತದೆ? ಹೊಸ ಪ್ರಾಜೆಕ್ಟ್ ಆದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ತೆಗೆದುಕೊಳ್ಳಿ, ಫೈಲ್ ಅರ್ಧಕ್ಕೆ ಬಿದ್ದರೆ ಪೂರ್ತಿ ಹಿಂದೆ ಸರಿಯುತ್ತದೆ. ಆದರೆ ಅಲ್ಲೂ ಒಂದು ಉದ್ದನೆಯ ಕ್ವೆರಿ ಓಡುತ್ತಿದ್ದರೆ ಆಲ್ಟರ್ ಟೇಬಲ್ ಅದರ ಹಿಂದೆ ಕಾಯುತ್ತದೆ, ಆ ಟೇಬಲ್ ಮುಟ್ಟುವ ಉಳಿದವರೆಲ್ಲ ಆಲ್ಟರ್ ಹಿಂದೆ ಸಾಲು ನಿಲ್ಲುತ್ತಾರೆ. ಲಾಕ್_ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ) ಇಡಿ. ಆ್ಯಡ್‌ಇಂಡೆಕ್ಸ್‌ಕನ್‌ಕರೆಂಟ್ಲಿ (ಟೇಬಲ್‌ಗೆ ಬರೆಯುವವರನ್ನು ತಡೆಯದೆ ಇಂಡೆಕ್ಸ್ ಸೇರಿಸುವ ಹೆಜ್ಜೆ) ಬಳಸಿದರೆ ಆ ಮೈಗ್ರೇಷನ್‌ನ ಅಟಾಮಿಕ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಸೆಟ್ಟಿಂಗ್) ಅನ್ನು ಫಾಲ್ಸ್ ಮಾಡಲೇಬೇಕು, ಆಗ ಈ ಪೂರ್ತಿ ಹಿಂದೆ ಸರಿಯುವ ಸೌಲಭ್ಯವೂ ಇರುವುದಿಲ್ಲ.

ಇನ್ನೊಂದು. ಫೀಲ್ಡ್ ಹೆಸರು ಬದಲಿಸಿದಾಗ ಮೇಕ್‌ಮೈಗ್ರೇಷನ್ಸ್ ರೀನೇಮ್ ಮಾಡಿದಿರಾ ಅಂತ ಕೇಳುತ್ತದೆ. ಅವಸರದಲ್ಲಿ ಬರೀ ಎಂಟರ್ ಒತ್ತಿದರೆ ಅದು ಇಲ್ಲ ಅಂತಲೇ ಲೆಕ್ಕ. ಹಳೆಯ ಕಾಲಂ ಡೇಟಾ ಸಮೇತ ಹೋಗಿ ಹೊಸ ಕಾಲಂ ಬರುತ್ತದೆ. ಫೈಲ್ ತೆರೆದು ರೀನೇಮ್‌ಫೀಲ್ಡ್ ಇದೆಯಾ ನೋಡಿಯೇ ಕಮಿಟ್ ಮಾಡಿ. ಕಾಲಂ ತೆಗೆಯುವಾಗ ಮೊದಲು ಅದನ್ನು ಬಳಸದ ಕೋಡ್ ಸರ್ವರ್‌ಗೆ ಹೋಗಲಿ, ಕಾಲಂ ಆಮೇಲೆ. ಸೇರಿಸುವಾಗ ಜಾಂಗೋ 5.0 ಅಥವಾ ಮೇಲಿದ್ದರೆ ಡಿಬಿ_ಡೀಫಾಲ್ಟ್ (ಡೇಟಾಬೇಸ್‌ನಲ್ಲೇ ಉಳಿಯುವ ಡೀಫಾಲ್ಟ್) ಕೊಡಿ. ಮಾಮೂಲಿ ಡೀಫಾಲ್ಟ್ ಅನ್ನು ಜಾಂಗೋ ಡೇಟಾಬೇಸ್‌ನಲ್ಲಿ ಉಳಿಸುವುದಿಲ್ಲ, ಡಿಪ್ಲಾಯ್ ಮಧ್ಯೆ ಹಳೆಯ ಕೋಡ್ ಮಾಡುವ ಇನ್ಸರ್ಟ್ ಬೀಳುತ್ತದೆ.

0008ಕ್ಕೆ ಫೇಕ್ ಹೊಡೆಯುವ ಮೊದಲು ಶೋಮೈಗ್ರೇಷನ್ಸ್ ಮತ್ತು ಶೋ ಕ್ರಿಯೇಟ್ ಟೇಬಲ್ ಎರಡರ ಔಟ್‌ಪುಟ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.