ಹೆಣ್ಣುಮಕ್ಕಳು ಎಲ್ಲಿ ಹೋದ್ರು ಅಂತ ಕೇಳಿದ್ರಿ

ನಮಸ್ಕಾರ ಮೇಡಂ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಕಾಲೇಜುಗಳ ಬಗ್ಗೆ ಕಳೆದ ಸಂಚಿಕೇಲಿ ಬಂದ ಲೇಖನ ಓದಿ ಸಾಗರದಿಂದ ಪತ್ರ ಬರೆದಿದ್ದೀರಿ. 1869ರಲ್ಲಿ ರಟ್ಗರ್ಸ್‌ನೋರು ಪ್ರಿನ್ಸ್‌ಟನ್‌ನೋರನ್ನ ಫುಟ್ಬಾಲಲ್ಲಿ 6-4ಕ್ಕೆ ಸೋಲಿಸಿದ್ದು, ಹಾರ್ವರ್ಡ್-ಯೇಲ್ ದೋಣಿ ರೇಸು, ಎಲ್ಲಾ ಗಂಡುಹುಡುಗರ ಕತೇನೇ ಆಯ್ತು, ಹೆಣ್ಣುಮಕ್ಕಳು ಕಾಲೇಜಿಗೆ ಹೋಗ್ತಿರ್ಲಿಲ್ವಾ, ಹೋದೋರು ಬರೀ ಓದ್ಕೊಂಡು ಕೂತಿದ್ರಾ ಅಂತ ನಿಮ್ಮ ಪ್ರಶ್ನೆ. ತಪ್ಪು ನಮ್ದೇ. ಅಚ್ಚಿಗೆ ಕಳಿಸೋ ಮುಂಚೆ ಎರಡು ಸಲ ಓದಿದ್ದೆ, ನಂಗೂ ಹೊಳೀಲಿಲ್ಲ. ಕ್ಷಮಿಸಿ.

ಹೋಗ್ತಿದ್ರು ಮೇಡಂ. ಹೆಣ್ಣುಮಕ್ಕಳಿಗಂತಲೇ ಶುರುವಾದ ವಾಸರ್ ಕಾಲೇಜು 1865ರಲ್ಲೇ ಬಾಗಿಲು ತೆಗೀತು, ಸ್ಮಿತ್ ಮತ್ತೆ ವೆಲ್ಸ್ಲಿ 1875ರಲ್ಲಿ. ಆದ್ರೆ ಅವರು ಎಂಥಾ ಗಾಳೀಲಿ ಓದ್ತಿದ್ರು ಅನ್ನೋದು ಮೊದ್ಲು ಗೊತ್ತಿರ್ಬೇಕು. 1873ರಲ್ಲಿ ಬಾಸ್ಟನ್ನಿನ ಡಾಕ್ಟ್ರು ಎಡ್ವರ್ಡ್ ಕ್ಲಾರ್ಕ್ ಒಂದು ಪುಸ್ತಕ ಬರೆದು, ಹುಡುಗೀರು ಹುಡುಗರ ಸಮಕ್ಕೆ ಓದಿದ್ರೆ ಗರ್ಭಕೋಶಕ್ಕೆ ಪೆಟ್ಟು, ಆರೋಗ್ಯ ಹಾಳು ಅಂತ ಹೇಳಿಬಿಟ್ರು. ಜನ ನಂಬಿದ್ರು ಕೂಡ. ಹಾಗಾಗಿ ಈ ಕಾಲೇಜುಗಳಲ್ಲಿ ಹುಡುಗೀರು ಆಡಿದ್ದು, ಕುಣಿದಿದ್ದು ಬರೀ ಟೈಂಪಾಸ್ ಅಲ್ಲ ಅಂತ ನಾನಂತೂ ನಂಬ್ತೀನಿ, ಅದು ಆ ಮಾತಿಗೆ ಮೈಯಿಂದ್ಲೇ ಕೊಟ್ಟ ಉತ್ತರ.

ಸ್ಮಿತ್ ಕಾಲೇಜಿನ ಒಂದು ಮ್ಯಾಚ್ ಹೇಳ್ತೀನಿ. 1891ರ ಡಿಸೆಂಬರಲ್ಲಿ ಸ್ಪ್ರಿಂಗ್‌ಫೀಲ್ಡಲ್ಲಿ ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲ್ ಕಂಡುಹಿಡಿದಿದ್ರು, ಸ್ಮಿತ್ ಇರೋ ನಾರ್ಥಾಂಪ್ಟನ್ ಅಲ್ಲಿಂದ ದೂರ ಏನಲ್ಲ. ಅಲ್ಲಿನ ವ್ಯಾಯಾಮದ ಟೀಚರ್ ಸೆಂಡಾ ಬೆರೆನ್ಸನ್ ಆ ಆಟ ತಂದು, ಕೋರ್ಟನ್ನ ಮೂರು ಭಾಗ ಮಾಡಿ, ಅವರವರ ಭಾಗ ದಾಟಂಗಿಲ್ಲ, ಕೈಲಿರೋ ಬಾಲ್ ಕಿತ್ಕೊಳ್ಳಂಗಿಲ್ಲ ಅಂತ ರೂಲ್ಸ್ ಬದಲಾಯಿಸಿದ್ರು. 1893ರ ಮಾರ್ಚಲ್ಲಿ ಫಸ್ಟ್ ಇಯರ್, ಸೆಕೆಂಡ್ ಇಯರ್ ನಡುವೆ ಮ್ಯಾಚ್. ಗಂಡಸರಿಗೆ ಒಳಗೆ ಪ್ರವೇಶ ಇಲ್ಲ. ಸುತ್ತ ಹುಡುಗೀರು ತಮ್ಮ ತಮ್ಮ ಕ್ಲಾಸಿನ ಬಣ್ಣ ಹಿಡ್ಕೊಂಡು ಕೂಗ್ತಿದ್ದಾರೆ, ಬೆರೆನ್ಸನ್ ಬಾಲ್ ಮೇಲಕ್ಕೆ ಎಸೆದ್ರು, ಅದು ಒಬ್ಬ ಆಟಗಾರ್ತಿ ಎತ್ತಿದ ಕೈಗೆ ಬಡಿದು ಅವಳ ಭುಜದ ಕೀಲೇ ತಪ್ಪಿಹೋಯ್ತು. ಮೊದಲನೇ ಎಸೆತಕ್ಕೇ! ಆಟ ನಿಲ್ಲಿಸ್ಲಿಲ್ಲ ಮೇಡಂ, ಬೇರೆಯವಳು ಬಂದ್ಲು, ಕೊನೆಗೆ ಸೆಕೆಂಡ್ ಇಯರ್‌ನೋರು 5-4ಕ್ಕೆ ಗೆದ್ರು. ಅಷ್ಟೊತ್ತಿಗಾಗ್ಲೇ ಡಾಕ್ಟ್ರ ಮಾತೂ ಬಿದ್ದಿತ್ತು, ಪದವಿ ಪಡೆದ 700ಕ್ಕೂ ಹೆಚ್ಚು ಹೆಂಗಸರನ್ನ ವಿಚಾರಿಸಿ 1885ರಲ್ಲಿ ಹೊರಬಂದ ವರದೀಲಿ, ಓದಿದ್ದಕ್ಕೆ ಹೆಂಗಸರ ಆರೋಗ್ಯ ಒಟ್ಟಾರೆ ಕೆಟ್ಟಂಗೆ ಕಾಣ್ಲಿಲ್ಲ.

ಹಾಸ್ಟೆಲ್ ಜೀವನ ಅಂದ್ರೆ ವಾಸರ್‌ನಲ್ಲಿ ರಾತ್ರಿ ಹತ್ತಕ್ಕೆ ದೀಪ ಆರಿಸ್ಬೇಕು. ಅದೇ ಗ್ಯಾಸ್ ದೀಪದ ಮೇಲೆ ಕದ್ದು ಸಕ್ಕರೆ, ಚಾಕಲೇಟು, ಹಾಲು, ಬೆಣ್ಣೆ ಕುದಿಸಿ ಫಡ್ಜ್ ಮಾಡೋ ಹುಚ್ಚು ಅವರಿಗೆ, ನಮ್ಮ ಬರ್ಫಿ ಥರದ್ದು. 1888ರಲ್ಲಿ ಎಮೆಲಿನ್ ಹಾರ್ಟ್ರಿಜ್ ಅನ್ನೋ ವಿದ್ಯಾರ್ಥಿನಿ ಸೀನಿಯರ್‌ಗಳ ಹರಾಜಿಗೆ 30 ಪೌಂಡ್, ಅಂದ್ರೆ ಹದಿಮೂರೂವರೆ ಕೆಜಿಯಷ್ಟು ಫಡ್ಜ್ ಮಾಡಿಕೊಟ್ಟಿದ್ಲು. ಆಮೇಲೆ ಸ್ಮಿತ್, ವೆಲ್ಸ್ಲಿ ಹುಡುಗೀರೂ ತಮ್ಮದೇ ರೀತಿ ಮಾಡ್ಕೊಂಡ್ರು.

ನಂಗೆ ಇವೆಲ್ಲಕ್ಕಿಂತ ಇಷ್ಟ ಆಗೋದು ವಾಸರ್‌ನ ಖಗೋಳದ ಪ್ರೊಫೆಸರ್ ಮರಿಯಾ ಮಿಚೆಲ್. 1847ರಲ್ಲಿ ಧೂಮಕೇತು ಕಂಡುಹಿಡಿದಿದ್ದೋರು, ಕಾಲೇಜಿನ ವೀಕ್ಷಣಾಲಯದಲ್ಲೇ ಮನೆ ಮಾಡ್ಕೊಂಡಿದ್ರು. 1878ರ ಸೂರ್ಯಗ್ರಹಣ ನೋಡೋಕೆ ಹಳೇ ವಿದ್ಯಾರ್ಥಿನಿಯರನ್ನ ಕಟ್ಕೊಂಡು ರೈಲಲ್ಲಿ ಅರ್ಧ ಅಮೆರಿಕ ದಾಟಿ ಡೆನ್ವರ್‌ಗೆ ಹೋಗಿದ್ರು, ಹೆಂಗಸರದ್ದೇ ತಂಡ. ವರ್ಷಕ್ಕೊಂದ್ಸಲ ಆ ವೀಕ್ಷಣಾಲಯದ ಗುಮ್ಮಟದ ಕೆಳಗೆ ಮೇಜು ಹಾಕಿಸಿ ವಿದ್ಯಾರ್ಥಿನಿಯರಿಗೆ ಊಟ ಹಾಕಿಸೋರು. ದೊಡ್ಡ ದೂರದರ್ಶಕದ ಪಕ್ಕದಲ್ಲೇ ಎಲ್ರೂ ಕೂತು ಒಬ್ಬರ ಮೇಲೊಬ್ಬರು ಪದ್ಯ ಕಟ್ಟಿ ಓದೋರು, ಹಾಡೋರು.