ಮರದ ಕಂಬಗಳ ಹಳೆಯ ಮಠ ಕಪ್ಪು-ಬಿಳುಪಿನಲ್ಲಿ ಬೂದಿ ಬಳಿದಂತೆ ಕಾಣುವುದೇಕೆ?

ಪ್ರಶ್ನೆ: ಕೊಪ್ಪಳ ಜಿಲ್ಲೆಯ ನಮ್ಮ ಊರಿನಲ್ಲಿ ಮರದ ಕಂಬ, ಜಂತಿಗಳ ಹಳೆಯ ಮಠವೊಂದಿದೆ. ಹೊರದೇಶದ ಹಳ್ಳಿಗಳ ಮರದ ಚರ್ಚುಗಳ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿ, ಇದನ್ನೂ ಹಾಗೆಯೇ ತೆಗೆಯಬೇಕೆಂದು ಹೊರಟೆ. ಕಂಬವನ್ನು ಹತ್ತಿರದಿಂದ ತೆಗೆದರೆ ಬೂದಿ ಬಳಿದಂತೆ ಬರುತ್ತದೆ. ಇಡೀ ಪಡಸಾಲೆಯನ್ನು ತೆಗೆದರೆ ಕಂಬಗಳು ಬರೀ ಕಪ್ಪು. ಎಲ್ಲಿ ತಪ್ಪುತ್ತಿದ್ದೇನೆ? ಫಿಲ್ಮ್ ಕ್ಯಾಮೆರಾ ಕೊಳ್ಳಬೇಕೇ?

ಉತ್ತರ:

ನೀವು ಮಾದರಿಯಾಗಿ ಇಟ್ಟುಕೊಂಡ ಕಟ್ಟಡಗಳಲ್ಲಿ ಮರ ಹೊರಗಿದೆ, ನಿಮ್ಮ ಮಠದಲ್ಲಿ ಮರ ಒಳಗಿದೆ. ನಿಮ್ಮ ತೊಂದರೆಯ ಬಹುಪಾಲು ಇಲ್ಲಿಂದಲೇ ಶುರುವಾಗುತ್ತದೆ.

ಛಾಯಾಗ್ರಾಹಕ ವಾಕರ್ ಎವಾನ್ಸ್ 1936ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ತೆಗೆದ ಹಳ್ಳಿ ಚರ್ಚುಗಳ ಚಿತ್ರಗಳನ್ನು ಇನ್ನೊಮ್ಮೆ ನೋಡಿ. ಗೋಡೆಯೆಂದರೆ ಒಂದರ ಮೇಲೊಂದು ಅಂಚು ಕೂರಿಸಿ ಬಡಿದ ಹಲಗೆಗಳು. ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಹಲಗೆಯ ಕೆಳಗೂ ತೆಳುವಾದ ನೆರಳಿನ ಗೆರೆ ಮೂಡುತ್ತದೆ. ಚಿತ್ರ ನಿಂತಿರುವುದೇ ಆ ಗೆರೆಗಳ ಮೇಲೆ. ನಾರ್ವೆಯ ಬೋರ್ಗುಂಡ್ ಚರ್ಚು 12ನೇ ಶತಮಾನದ್ದು. ಮರ ಕೆಡದಂತೆ ಮತ್ತೆ ಮತ್ತೆ ಟಾರು ಬಳಿದು ಅದು ಕಪ್ಪಾಗಿದೆ. ರಷ್ಯಾದ ಕಿಝಿ ದ್ವೀಪದ 1714ರ ಚರ್ಚಿನ ಗುಮ್ಮಟಗಳಿಗೆ ಆಸ್ಪೆನ್ ಮರದ ಸಣ್ಣ ಸಣ್ಣ ಬಿಲ್ಲೆಗಳ ಹೊದಿಕೆ. ಮಳೆ ಬಿಸಿಲಿಗೆ ಅವು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತವೆ. ಎಲ್ಲ ಕಡೆಯೂ ಆಕಾಶದ ಬೆಳಕು ನೇರವಾಗಿ ಮರವನ್ನು ಮುಟ್ಟುತ್ತದೆ.

ಕೊಪ್ಪಳ, ರಾಯಚೂರು, ಬಳ್ಳಾರಿಯ ಹಳೆಯ ಕಟ್ಟಡಗಳಲ್ಲಿ ಬಿಸಿಲಿಗೆ ಎದೆಯೊಡ್ಡುವುದು ಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆ. ಮೇಲೆ ಮಣ್ಣಿನ ಮಾಳಿಗೆ. ಕಂಬ, ಬೋದಿಗೆ (ಕಂಬದ ತಲೆಯ ಮೇಲೆ ತೊಲೆಯನ್ನು ಹೊರುವ ತುಂಡು), ತೊಲೆ, ಜಂತಿ ಎಲ್ಲವೂ ಅದರ ನೆರಳಿನಲ್ಲಿವೆ. ಆದ್ದರಿಂದ ಬೆಳಗಿನ ಓರೆ ಬಿಸಿಲನ್ನು ಕಾದು ಹೊರಗೆ ನಿಂತರೆ ನಿಮಗೆ ಸಿಗುವುದು ಸುಣ್ಣ ಬಳಿದ ಗೋಡೆ. ಒಳಗಿನ ಮರಕ್ಕೆ ಬೆಳಕು ಬರುವುದು ಬಾಗಿಲಿನಿಂದ, ಅಂಗಳದ ನೆಲಕ್ಕೆ ಬಡಿದು, ಇಲ್ಲವೇ ಮಾಳಿಗೆಯ ಬೆಳಕಿಂಡಿಯಿಂದ. ನೀವು ಕಾಯಬೇಕಾದದ್ದು ಆ ಎರವಲು ಬೆಳಕಿಗೆ.

ಬೂದಿ ಬಣ್ಣಕ್ಕೆ ಕಾರಣ ಕ್ಯಾಮೆರಾದ ಬೆಳಕುಮಾಪಕ. ತನ್ನೆದುರು ಏನಿದ್ದರೂ ಅದನ್ನು ಮಧ್ಯಮ ಬೂದುಬಣ್ಣ ಎಂದೇ ಅದು ಭಾವಿಸುತ್ತದೆ. ಎಣ್ಣೆ, ಹೊಗೆ, ಕೈ ಸವೆತಗಳಿಂದ ಕಪ್ಪಾದ ಕಂಬ ಚೌಕಟ್ಟನ್ನು ತುಂಬಿದರೆ, ಇಲ್ಲಿ ಬೆಳಕು ಕಡಿಮೆಯಿದೆ ಎಂದು ತಿಳಿದು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಕಪ್ಪು ಮರ ಬೂದಿಯಾಗುತ್ತದೆ. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ರೂಪಿಸಿದ ವಲಯ ಪದ್ಧತಿ ಹೇಳುವುದೂ ಇದನ್ನೇ: ಮಾಪಕ ಹೇಳಿದ್ದನ್ನು ಕೇಳಿಕೊಳ್ಳಿ, ಆದರೆ ಆ ಕಪ್ಪು ಎಷ್ಟು ಕಪ್ಪಾಗಿರಬೇಕು ಎಂಬುದನ್ನು ನೀವು ತೀರ್ಮಾನಿಸಿ. ಕಂಬ ಕಪ್ಪಾಗಿಯೂ ಅದರ ಮೇಲಿನ ಬಾಚಿಯ ಏಟು, ಸೀಳು, ಎಳೆ ಕಾಣುವಂತೆಯೂ ಇರಬೇಕಾದರೆ ಮಾಪಕ ಹೇಳಿದ್ದಕ್ಕಿಂತ ಒಂದೂವರೆಯಿಂದ ಎರಡು ಸ್ಟಾಪ್ ಕಡಿಮೆ ಮಾಡಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಫ್ಲ್ಯಾಶ್ ಬಳಸಿದ್ದರೆ ಅದನ್ನು ಮರೆತುಬಿಡಿ. ಮುಖಕ್ಕೆ ನೇರವಾಗಿ ಬಡಿಯುವ ಬೆಳಕು ಕೆತ್ತನೆಯ ನೆರಳನ್ನೆಲ್ಲ ಅಳಿಸುತ್ತದೆ.

ಪಡಸಾಲೆಯ ಚಿತ್ರದಲ್ಲಿ ನಡೆದಿರುವುದು ಇದರ ತಿರುವುಮುರುವು. ಚೌಕಟ್ಟಿನೊಳಗೆ ಬಿಸಿಲಿನ ಅಂಗಳವೋ ತೆರೆದ ಬಾಗಿಲೋ ಬಂದಿದೆ. ಮಾಪಕ ಅದಕ್ಕೆ ಹೆದರಿ ಬೆಳಕನ್ನು ತಗ್ಗಿಸಿದೆ. ಬಾಗಿಲನ್ನು ಚಿತ್ರದ ಹೊರಗೆ, ನಿಮ್ಮ ಪಕ್ಕಕ್ಕೆ ಇಟ್ಟುಕೊಂಡು ನಿಲ್ಲಿ. ಆಗ ಪ್ರತಿ ಕಂಬಕ್ಕೂ ಒಂದು ಬೆಳಗಿದ ಮಗ್ಗುಲು, ಒಂದು ಕತ್ತಲ ಮಗ್ಗುಲು ಸಿಗುತ್ತದೆ. ಕಂಬ ಗುಂಡಗೆ ಕಾಣುವುದು ಹಾಗೆ. ಬಾಗಿಲು ಚಿತ್ರದಲ್ಲಿ ಬೇಕೇ ಬೇಕೆಂದರೆ ಒಂದು ಕದವನ್ನು ಮುಚ್ಚಿ. ಕತ್ತಲ ಮಗ್ಗುಲಿನ ಕಡೆ ಯಾರಾದರೂ ಬಿಳಿ ಪಂಚೆಯನ್ನು ಬಿಡಿಸಿ ಹಿಡಿದರೆ ಸಾಕಷ್ಟು ಬೆಳಕು ಹಿಂದಿರುಗುತ್ತದೆ. ಬೇರೆ ಬೇರೆ ಬೆಳಕಿನಲ್ಲಿ ತೆಗೆದ ಹಲವು ಚಿತ್ರಗಳನ್ನು ಬೆಸೆಯುವ ದಾರಿಯೂ ಇದೆ. ಆದರೆ ಮೂಲೆ ಮೂಲೆಗೂ ಒಂದೇ ಬೆಳಕು ಹರಡಿದ ಅಂಥ ಚಿತ್ರಗಳು ನನಗೆ ಹಿಡಿಸುವುದಿಲ್ಲ, ಮದುವೆ ಮಂಟಪದ ಕರಪತ್ರದಂತಿರುತ್ತವೆ. ಅಂಗಳದ ಒಂದು ತುಣುಕು ಬೆಳ್ಳಗೆ ಸುಟ್ಟುಹೋದರೆ ಹೋಗಲಿ. ನಮ್ಮ ಬಿಸಿಲು ಇರುವುದೇ ಹಾಗೆ.

ಬೆಳಕಿಂಡಿಯಿದ್ದರೆ ಕಾಲವನ್ನು ಲೆಕ್ಕ ಹಾಕಿ ಹೋಗಿ. ಕೊಪ್ಪಳ ಇರುವುದು ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಆರಂಭದಲ್ಲೊಮ್ಮೆ, ಆಗಸ್ಟ್ ಎರಡನೇ ವಾರದ ಸುಮಾರಿಗೆ ಮತ್ತೊಮ್ಮೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆಗ ಬೆಳಕಿನ ಕೋಲು ನೆಟ್ಟಗೆ ನೆಲಕ್ಕಿಳಿದು, ಅಲ್ಲಿಂದ ಪುಟಿದು ಜಂತಿಗಳನ್ನು ಕೆಳಗಿನಿಂದ ಬೆಳಗುತ್ತದೆ. ಚಾವಣಿಯನ್ನು ತೆಗೆಯಲು ಇದು ಒಳ್ಳೆಯ ಕಾಲ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನಲ್ಲೂ ಸೂರ್ಯನ ಎತ್ತರ ಸುಮಾರು 51 ಡಿಗ್ರಿಯಷ್ಟೇ. ಕೋಲು ಉತ್ತರಕ್ಕೆ ವಾಲಿ ಆ ಕಡೆಯ ಕಂಬಸಾಲಿನತ್ತ ಚಾಚುತ್ತದೆ. ನಮ್ಮ ಭಾಗದಲ್ಲಿ ನಿಜವಾದ ನಡುಹಗಲು ಗಡಿಯಾರದ 12 ಗಂಟೆಗಲ್ಲ, 12 ಗಂಟೆ 25 ನಿಮಿಷದ ಆಸುಪಾಸು. ಬೆಳಕಿಂಡಿಗೆ ಗಾಜು ಹಾಕಿಸಿ ಅದರ ಮೇಲೆ ಧೂಳು ಕೂತಿದ್ದರೆ ಮೊದಲು ಅದನ್ನು ಒರೆಸಿ.

ಇನ್ನು ಬಣ್ಣ. ನಮ್ಮ ಊರುಗಳಲ್ಲಿ ಮರವನ್ನು ಮರವಾಗಿ ಬಿಡುವವರು ಕಡಿಮೆ. ಜಾತ್ರೆಗೊಮ್ಮೆ ಎಣ್ಣೆಬಣ್ಣ ಬೀಳುತ್ತದೆ: ಬೋದಿಗೆಗೆ ಕೆಂಪು, ಕಂಬಕ್ಕೆ ಹಸಿರು. ಕಣ್ಣಿಗೆ ಇವು ಎಷ್ಟು ಬೇರೆಯೋ ಕಪ್ಪು-ಬಿಳುಪಿನಲ್ಲಿ ಅಷ್ಟೇ ಒಂದಾಗಿಬಿಡಬಹುದು. ಅದಕ್ಕಾಗಿ ಕ್ಯಾಮೆರಾದ ಪರದೆ ಕಪ್ಪು-ಬಿಳುಪು ತೋರಿಸಲಿ, ಕಡತ ಮಾತ್ರ ರಾ (RAW, ಕ್ಯಾಮೆರಾ ಸಂಸ್ಕರಿಸದ ಮೂಲ) ರೂಪದಲ್ಲಿರಲಿ. ಬಣ್ಣದ ಮಾಹಿತಿ ಅದರಲ್ಲಿ ಉಳಿದಿರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಕೆಂಪನ್ನು ಏರಿಸಿ ಹಸಿರನ್ನು ಇಳಿಸಿದರೆ ಬೋದಿಗೆ ಕಂಬದಿಂದ ಬಿಡಿಸಿಕೊಂಡು ಮೇಲೇಳುತ್ತದೆ. ಬಣ್ಣ ಕಾಣದ ಬರಿಯ ತೇಗದ ತೊಲೆಯಿದ್ದರೆ ಕಂಪ್ಯೂಟರಿನಲ್ಲಿ ಕಿತ್ತಳೆ ಬಣ್ಣದ ಸ್ಲೈಡರನ್ನು ತುಸು ಏರಿಸಿ, ಎಳೆಗಳು ಎದ್ದು ಬರುತ್ತವೆ. ಎಣ್ಣೆಬಣ್ಣದ ಹೊಳಪು ಕಣ್ಣು ಚುಚ್ಚುತ್ತಿದ್ದರೆ ಲೆನ್ಸಿನ ಮುಂದೆ ಹಾಕುವ, ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರನ್ನು ತಿರುಗಿಸಿ ನೋಡಿ. ಹಿತ್ತಾಳೆಯ ಪಟ್ಟಿಗಳ ಹೊಳಪಿಗೆ ಮಾತ್ರ ಅದು ಕೆಲಸಕ್ಕೆ ಬಾರದು. ಮಠದಲ್ಲಿ ಕಿನ್ನಾಳದ ಚಿತ್ರಗಾರರು ಮಾಡಿದ ವಾಹನವೋ ಮೂರ್ತಿಯೋ ಇದ್ದರೆ ದಯವಿಟ್ಟು ಅದನ್ನು ಬಣ್ಣದಲ್ಲೇ ತೆಗೆಯಿರಿ. ಆ ಕೆಲಸದ ಜೀವ ಇರುವುದು ಬಣ್ಣದಲ್ಲಿ.

ಕಪ್ಪು-ಬಿಳುಪು ಮಾಡಿದ ತಕ್ಷಣ ಕಂದು ಛಾಯೆ ಬಳಿದು, ಅಂಚು ಕಪ್ಪಾಗಿಸಿ, ಗೀರು ಸೇರಿಸಿ ಹಳೆಯದೆಂದು ತೋರಿಸುವ ಚಟವೊಂದಿದೆ. ನಿಜವಾಗಿ ಹಳೆಯ ಚಿತ್ರಗಳ ಬೆಲೆ ಇರುವುದು ಅದರಲ್ಲಲ್ಲ. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ತೆಗೆದರು. ಆ ಕಾಗದಕ್ಕೆ ನೀಲಿ ಬೆಳಕು ಕಾಣುತ್ತಿತ್ತು, ಕೆಂಪು ಕಾಣುತ್ತಿರಲಿಲ್ಲ. ಹೀಗಾಗಿ ಆಕಾಶ ಖಾಲಿ ಬಿಳುಪು, ಕಲ್ಲಿನ ವಿವರ ಮಾತ್ರ ಅಚ್ಚುಕಟ್ಟು. ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಗೋಪುರವಿತ್ತು, ಈಗಿಲ್ಲ; ಅದನ್ನು ನಾವು ಇಂದು ನೋಡುವುದು ಅವರ ಚಿತ್ರದಲ್ಲಿ. ಎದುರು ನಿಂತು, ಕ್ಯಾಮೆರಾ ಮಟ್ಟವಾಗಿಟ್ಟು, ಇಡೀ ಕಟ್ಟಡವನ್ನು ಸರಳವಾಗಿ ತೆಗೆದಿದ್ದರಿಂದ ಅದು ಉಳಿಯಿತು. ಕಂಬಗಳನ್ನು ಕಿತ್ತು ಹಳೆ ಸಾಮಾನಿನ ವ್ಯಾಪಾರಿಗೆ ಕೊಟ್ಟು ಸಿಮೆಂಟು ಸ್ಲ್ಯಾಬ್ ಹಾಕಿಸುವ ಕಾಲವಿದು. ಕೆತ್ತನೆಯ ತುಣುಕುಗಳ ಜೊತೆಗೆ ಅಂಥ ನಾಲ್ಕಾರು ನೇರ ಚಿತ್ರಗಳನ್ನೂ ತೆಗೆದಿಡಿ. ಯಾವ ಕಂಬ ಯಾವ ಸಾಲಿನದು ಎಂದು ಬರೆದಿಟ್ಟುಕೊಳ್ಳಿ.

ಮೊದಲು ಅಜ್ಜನವರ (ಮಠದ ಸ್ವಾಮಿಗಳ) ಅಪ್ಪಣೆ ಕೇಳಿ. ಗದ್ದುಗೆಯನ್ನು ತೆಗೆಯಬಾರದೆಂದರೆ ತೆಗೆಯಬೇಡಿ, ವಾದಕ್ಕಿಳಿಯಬೇಡಿ. ದಾಸೋಹದ ಹೊತ್ತು ಬಿಟ್ಟು ಹೋಗಿ. ಟ್ಯೂಬ್‌ಲೈಟ್ ಆರಿಸಲು, ಪ್ಲಾಸ್ಟಿಕ್ ಕುರ್ಚಿ ಸರಿಸಲು ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ. ಗೋಡೆಯ ಕ್ಯಾಲೆಂಡರ್, ಮೊಳೆಗೆ ನೇತುಹಾಕಿದ ಚೀಲ ಇದ್ದಲ್ಲೇ ಇರಲಿ. ಅವೂ ಮಠದವೇ.

ಫಿಲ್ಮ್ ವಿಷಯ: ಈಗ ಬೇಡ. ಟ್ರೈ-ಎಕ್ಸ್, ಎಚ್‌ಪಿ5 ಒಳ್ಳೆಯ ಫಿಲ್ಮ್‌ಗಳೇ. ಆದರೆ ಅಂಥ ಕತ್ತಲಿನಲ್ಲಿ ಶಟರ್ ಒಂದು ಸೆಕೆಂಡಿಗಿಂತ ಹೆಚ್ಚು ತೆರೆದಿರಬೇಕಾಗುತ್ತದೆ, ಆಗ ಫಿಲ್ಮ್‌ನ ಗ್ರಹಿಕೆ ಮಂದವಾಗುವುದರಿಂದ ಮಾಪಕ ಹೇಳಿದ್ದಕ್ಕಿಂತಲೂ ಹೆಚ್ಚು ಹೊತ್ತು ಕೊಡಬೇಕು. ಫಲಿತಾಂಶ ನೋಡಲು ರೋಲ್ ತೊಳೆಯುವವರೆಗೆ ಕಾಯಬೇಕು. ನಿಮ್ಮ ಈಗಿನ ಕ್ಯಾಮೆರಾವನ್ನೇ ಐಎಸ್ಒ (ಬೆಳಕಿನ ಸಂವೇದನೆ) 100 ಅಥವಾ 200ಕ್ಕೆ, ಅಪರ್ಚರ್ (ಲೆನ್ಸಿನ ಕಿಂಡಿ) ಎಂಟಕ್ಕೆ, ಅಂದರೆ f/8ಕ್ಕೆ ಇಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ ತೆಗೆಯಿರಿ. ಕೈಯಲ್ಲಿ ಹಿಡಿದು ಇದು ಆಗದ ಕೆಲಸ. ಫಿಲ್ಮ್ ಕ್ಯಾಮೆರಾಕ್ಕೆ ಎತ್ತಿಟ್ಟ ಹಣದಲ್ಲಿ ಒಂದು ಗಟ್ಟಿಯಾದ ಟ್ರೈಪಾಡ್ ಕೊಳ್ಳಿ.